ಬೆಣ್ಣಿಹಳ್ಳಕ್ಕೆ ಜೀವ ಐತೇನು?

(ಸಣ್ಣ ಮಕ್ಕಳಿಗೆ ಸಜೀವಿ - ನಿರ್ಜೀವಿ ಕಲಿಸುವ ಬಗ್ಗೆ ನನ್ನ ಅಭಿಪ್ರಾಯ)



ನಮ್ಮ ಗೋಡೆ ಪತ್ರಿಕೆಯಲ್ಲಿ ಇಲ್ಲಿಯವರೆಗೆ ನೀರು ಉಳಿಸುವುದು, ಸ್ವಚ್ಛತೆ, ಗಿಡ ನೆಡುವುದು ಈ ವಿಷಯಗಳ ಮೇಲೆ ಬಹಳ ಜನ ಬರೆದಿದ್ದಾರೆ. ನಾನು ಈ ಸಲ ಒಂದನೆಯ ಮತ್ತು ಎರಡನೆಯ ತರಗತಿಯ ಸಣ್ಣ ಮಕ್ಕಳ ಒಂದು ಪಾಠದ ಬಗ್ಗೆ ಬರೆಯುತ್ತೇನೆ. ಅದು ಸಜೀವಿ ಮತ್ತು ನಿರ್ಜೀವಿ. "ಅದೇನ ಬಿಡು, ಎಲ್ಲಾರಿಗೂ ಗೊತ್ತಿದ್ದದ್ದು" ಎಂದು ನೀವು ಅನ್ನಬಹುದು. ದನ ಸಜೀವಿ, ಕಲ್ಲು ನಿರ್ಜೀವಿ, ಮುಗೀತು. ಆದರೆ ಅದು ಅಷ್ಟು ಸುಲಭ ಇಲ್ಲ. ನನ್ನ ಅಭಿಪ್ರಾಯ ಏನೆಂದರೆ, ಈ ಪಾಠವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸಬಾರದು. ಹೊಲ, ಹಳ್ಳ, ಹಿತ್ತಲದಲ್ಲಿ ಮುಟ್ಟಿ ನೋಡಿ, ಕೇಳಿ, ಕಾದು ನೋಡಿ ಕಲಿಯುವಂತೆ ಮಾಡಬೇಕು. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಸಾಮಾನ್ಯವಾಗಿ ಪಟ್ಟಿ ಹೀಗಿರುತ್ತದೆ. ಸಜೀವಿಗಳು ಚಲಿಸುತ್ತವೆ, ಆಹಾರ ತಿನ್ನುತ್ತವೆ, ಬೆಳೆಯುತ್ತವೆ, ಉಸಿರಾಡುತ್ತವೆ, ಮರಿ ಹಾಕುತ್ತವೆ. ನಿರ್ಜೀವಿಗಳು ಇದಾವುದನ್ನೂ ಮಾಡುವುದಿಲ್ಲ. ಇದನ್ನು ರಾಗ ಮಾಡಿ ಹತ್ತು ಸಲ ಹೇಳಿದರೆ ಎಂಥವರಿಗೂ ಬಾಯಿಗೆ ಬರುತ್ತದೆ. ಆದರೆ ತಲೆಗೆ ಬಂತೋ ಇಲ್ಲವೋ ಎಂದು ನೋಡಬೇಕಾದರೆ ಪಟ್ಟಿಯಲ್ಲಿ ಇಲ್ಲದ ಒಂದು ವಸ್ತುವನ್ನು ಕೇಳಬೇಕು.

ಅಕ್ಕೋರು ತರಬೇತಿಗೆ ಹೋದ ದಿನ ಏಳನೆಯ ತರಗತಿಯ ನಾವು ಇಬ್ಬಿಬ್ಬರು ಸಣ್ಣವರ ಕೂಡ ಕೂಡ್ರುತ್ತೇವೆ. ಅಂಥ ಒಂದು ದಿನ ನಾನು "ಬೆಣ್ಣಿಹಳ್ಳ ಸಜೀವಿಯೋ ನಿರ್ಜೀವಿಯೋ?" ಎಂದು ಕೇಳಿದೆ. ಎಲ್ಲರೂ ಒಂದೇ ಉಸಿರಿಗೆ "ಸಜೀವಿ" ಎಂದು ಒದರಿದರು. ಯಾಕ ಎಂದು ಕೇಳಿದರೆ ಒಬ್ಬ, "ಓಡ್ತೈತಲ್ಲಕ್ಕಾ" ಎಂದ. ಇನ್ನೊಬ್ಬಳು, "ಮಳಿಗಾಲದಾಗ ದೊಡ್ಡದಾಗ್ತೈತಿ" ಎಂದಳು. ಮತ್ತೊಬ್ಬ, "ನಮ್ಮ ಹೊಲದ ಬದು ತಿಂದೈತಿ, ನಮ್ಮಪ್ಪ ಹೇಳ್ಯಾನ" ಎಂದ. ಇನ್ನೊಬ್ಬ ಸಣ್ಣವನು, "ಅದಕ್ಕ ಸಿಟ್ಟು ಬರ್ತೈತಿ, ನಮ್ಮ ಆಯಿಗೆ ಗೊತ್ತೈತಿ" ಎಂದ.

ನೋಡಿರಿ, ಈ ಮಕ್ಕಳು ದಡ್ಡರಲ್ಲ. ಪಟ್ಟಿಯ ಪ್ರಕಾರವೇ ಉತ್ತರ ಕೊಟ್ಟಿದ್ದಾರೆ. ಹಳ್ಳ ಚಲಿಸುತ್ತದೆ, ಬೆಳೆಯುತ್ತದೆ, ತಿನ್ನುತ್ತದೆ. ಬೇವಿನ ಗಿಡ ಕೇಳಿದರೆ "ನಿರ್ಜೀವಿ, ನಿಂತಲ್ಲೇ ನಿಂತೈತಿ" ಎಂದರು. ಅದೂ ಪಟ್ಟಿಯ ಪ್ರಕಾರವೇ. ಆಮೇಲೆ ಟ್ರ್ಯಾಕ್ಟರ್ ಕೇಳಿದೆ. ಡೀಸೆಲ್ ಕುಡಿಯುತ್ತದೆ, ಹೊಗೆ ಬಿಡುತ್ತದೆ, ಓಡುತ್ತದೆ, ಒದರುತ್ತದೆ, ಆದ್ದರಿಂದ ಸಜೀವಿ ಎಂದರು. "ಹಂಗಾದ್ರ ಅದರ ಕರು ಎಲ್ಲೈತಿ?" ಎಂದು ಕೇಳಿದೆ. "ಹಿಂದ ಟ್ರಾಲಿ ಐತಲ್ಲಕ್ಕಾ" ಎಂದು ಒಬ್ಬ ಹೇಳಿದ. ನಮಗೆ ನಗು ತಡೆಯಲಿಲ್ಲ. ಆದರೆ ಅವನೂ ವಿಚಾರ ಮಾಡಿಯೇ ಹೇಳಿದ್ದ.

ಇದು ನಮ್ಮೂರ ಮಕ್ಕಳ ಮಾತು ಮಾತ್ರ ಅಲ್ಲ. ಸ್ವಿಟ್ಜರ್ಲೆಂಡ್ ದೇಶದ ಜೀನ್ ಪಿಯಾಜೆ ಎಂಬ ವಿಜ್ಞಾನಿ ನೂರು ವರ್ಷದ ಹಿಂದೆಯೇ ಸಣ್ಣ ಮಕ್ಕಳನ್ನು ಕೂಡ್ರಿಸಿಕೊಂಡು ಸೂರ್ಯ, ಮೋಡ, ಗಾಳಿ, ಸೈಕಲ್ಲು ಇವುಗಳಿಗೆ ಜೀವ ಇದೆಯೇ ಎಂದು ಕೇಳಿದರಂತೆ. 1926ರಲ್ಲಿ ಅದನ್ನು ಪುಸ್ತಕವಾಗಿ ಬರೆದರು. ಅಲ್ಲಿಯ ಬಹಳ ಮಕ್ಕಳು ಸಹ ಚಲಿಸುವುದಕ್ಕೆಲ್ಲ ಜೀವ ಇದೆ ಎಂದೇ ಹೇಳಿದ್ದರು ಎಂದು ನಮ್ಮ ವಿಜ್ಞಾನದ ಗುರುಗಳು ತಿಳಿಸಿದರು. ಅಂದಮೇಲೆ ಸಣ್ಣವರು ಹೀಗೆ ತಿಳಿಯುವುದು ಸಹಜ. "ತಪ್ಪು, ಕೂಡ್ರು" ಎಂದು ಹೇಳಿದರೆ ಆ ಮಗು ಕೂಡ್ರುತ್ತದೆ, ಆದರೆ ಮನಸ್ಸಿನೊಳಗೆ ಹಳ್ಳ ಸಜೀವಿಯಾಗಿಯೇ ಉಳಿಯುತ್ತದೆ.

ಹಾಗಾದರೆ ಹ್ಯಾಗೆ ಕಲಿಸಬೇಕು? ಒಂದೇ ಗುಣ ಹಿಡಿದು ನೋಡಬಾರದು ಎಂಬುದು ಮೊದಲನೆಯ ಮಾತು. ಹಳ್ಳ ತಾನಾಗಿ ಓಡುವುದಿಲ್ಲ, ನೆಲ ಎತ್ತ ಇಳಿಜಾರು ಇದೆಯೋ ಅತ್ತ ಹರಿದು ಮಲಪ್ರಭೆಗೆ ಸೇರುತ್ತದೆ. ಅದು ದೊಡ್ಡದಾಗುವುದು ಮೇಲಿನ ಊರುಗಳಲ್ಲಿ ಮಳೆ ಆದಾಗ. ಒಳಗಿನಿಂದ ಬೆಳೆಯುವುದಿಲ್ಲ, ಹೊರಗಿನಿಂದ ನೀರು ಕೂಡುತ್ತದೆ. ಬದು ತಿಂದರೂ ಅದರಿಂದ ಹಳ್ಳಕ್ಕೆ ಹೊಟ್ಟೆ ತುಂಬುವುದಿಲ್ಲ, ಮಣ್ಣು ಮುಂದೆ ಹೋಗಿ ಎಲ್ಲೋ ಕೂಡ್ರುತ್ತದೆ. ಬೇವಿನ ಗಿಡ ನಿಂತಲ್ಲೇ ನಿಂತರೂ ಬೇರಿನಿಂದ ನೀರು ಎಳೆಯುತ್ತದೆ, ಎಲೆಯಲ್ಲಿ ಅಡುಗೆ ಮಾಡುತ್ತದೆ, ಬೀಜ ಮಾಡುತ್ತದೆ, ಆ ಬೀಜದಿಂದ ಮತ್ತೊಂದು ಬೇವು ಆಗುತ್ತದೆ. ನಮ್ಮ ಕಡೆ ಸೂರ್ಯಪಾನ ಬೆಳೆಯುತ್ತಾರೆ. ಅದರ ಎಳೆ ಮೊಗ್ಗು ಮುಂಜಾನೆ ಮೂಡಣಕ್ಕೆ, ಸಂಜೆ ಪಡುವಣಕ್ಕೆ ತಿರುಗುತ್ತದೆ. ಇದನ್ನು ನೋಡಿದ ಮಗು "ಗಿಡ ಅಲ್ಲಾಡೂದಿಲ್ಲ" ಎಂದು ಇನ್ನೊಮ್ಮೆ ಹೇಳುವುದಿಲ್ಲ.

ಒಲೆಯ ಬೆಂಕಿಯನ್ನು ಕೇಳಿದರೆ ಇನ್ನೂ ಕಠಿಣ. ಕಟ್ಟಿಗೆ ತಿನ್ನುತ್ತದೆ, ಗಾಳಿ ಬೇಕು, ಬೂದಿ ಬಿಡುತ್ತದೆ, ಒಂದು ದೀಪದಿಂದ ನೂರು ದೀಪ ಆಗುತ್ತವೆ. ಆದರೂ ಅದು ಸಜೀವಿ ಅಲ್ಲ. ಎಲ್ಲ ಜೀವಿಗಳ ಮೈ ಜೀವಕೋಶಗಳಿಂದ ಆಗಿದೆ. ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲಿ ಸೂಕ್ಷ್ಮದರ್ಶಕದಲ್ಲಿ ಬಿರಡೆಯ ಚೂರು ನೋಡಿ ಆ ಸಣ್ಣ ಸಣ್ಣ ಕೋಣೆಗಳಿಗೆ ಹೆಸರು ಕೊಟ್ಟರು. ಬೆಂಕಿಯಲ್ಲಿ ಜೀವಕೋಶ ಇಲ್ಲ. ಇದನ್ನು ಒಂದನೆಯ ತರಗತಿಯವರಿಗೆ ಹೇಳಿದರೆ ತಿಳಿಯುವುದಿಲ್ಲ. ಅವರಿಗೆ ಹೀಗೆ ಹೇಳಬಹುದು: ಆರಿದ ಒಲೆಯನ್ನು ಅವ್ವ ಮತ್ತೆ ಹಚ್ಚುತ್ತಾಳೆ, ಸತ್ತ ಇರುವೆಯನ್ನು ಮತ್ತೆ ಹಚ್ಚಲು ಯಾರಿಗೂ ಬರುವುದಿಲ್ಲ.

ಈಗ ನಮ್ಮ ಹಬ್ಬಗಳ ಮಾತಿಗೆ ಬರುತ್ತೇನೆ. ಈ ಪಾಠಕ್ಕೆ ನಮ್ಮ ಹಬ್ಬಗಳಷ್ಟು ಒಳ್ಳೆಯ ಚಾರ್ಟ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕಾರಹುಣ್ಣಿವಿಗೆ ನಾವು ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕರಿ ಹರಿಯುತ್ತೇವೆ. ಅಲ್ಲಿಂದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾಸಿ. ಅವತ್ತು ಕರಿಮಣ್ಣು ತಂದು ಎತ್ತು ಮಾಡಿ ಪೂಜೆ ಮಾಡುತ್ತೇವೆ. ಒಂದು ಎತ್ತು ಹೊಟ್ಟು ಮೇವು ತಿನ್ನುತ್ತದೆ, ನೊಣ ಕುಂತರೆ ಬಾಲ ಬೀಸುತ್ತದೆ. ಇನ್ನೊಂದು ಎತ್ತಿಗೆ ಗೋದಲಿ ಮಾಡಿ ಹುಲ್ಲು ಇಟ್ಟರೂ ಹುಲ್ಲು ಹಾಗೆಯೇ ಇರುತ್ತದೆ. ಎರಡಕ್ಕೂ ಕೊಂಬು, ಕಿವಿ, ಇಣಿ, ಬಾಲ ಎಲ್ಲಾ ಇವೆ. ನವಲಗುಂದದ ಜಮಖಾನದ ಮೇಲೆ ನವಿಲು ಇರುತ್ತದೆ, ಹೊಲದಲ್ಲಿಯೂ ನವಿಲು ಇರುತ್ತದೆ. ಆಕಾರ ಒಂದೇ ಇದ್ದರೂ ಜೀವ ಬೇರೆ ಎಂದು ಮಕ್ಕಳು ತಾವೇ ಹೇಳುತ್ತಾರೆ. ಸುಮ್ಮನೆ ಕೇಳಿದರೆ ಸಾಕು.

ಆದರೆ ಇಲ್ಲಿಗೇ ಮುಗಿಯುವುದಿಲ್ಲ. ಹೋದ ವರ್ಷ ನಮ್ಮ ಮನೆಯ ರಾಮ್ಯಾ ಎಂಬ ಎತ್ತು ಬ್ಯಾನಿ ಬಂದು ಸತ್ತಿತು. ಅಪ್ಪ, ಕಾಕಾ ಕೂಡಿ ಹೊಲದ ಬದುವಿನ ಹತ್ತಿರ ತಗ್ಗು ತೆಗೆದು ಹುಗಿದರು. ಆಗ ಒಂದನೆಯ ತರಗತಿಯಲ್ಲಿದ್ದ ನನ್ನ ತಂಗಿ, "ಯವ್ವಾ, ರಾಮ್ಯಾ ಈಗ ಮಣ್ಣೆತ್ತು ಆತೇನ? ನಿರ್ಜೀವಿ ಆತೇನ?" ಎಂದು ಕೇಳಿದಳು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲವಾ. ಮಣ್ಣೆತ್ತಿಗೆ ಎಂದೂ ಜೀವ ಇರಲಿಲ್ಲ. ನಮ್ಮ ರಾಮ್ಯಾಗ ಇತ್ತು, ಹೋತು" ಎಂದಳು. ತಂಗಿ ಮತ್ತೆ, "ಹೊಳ್ಳಿ ಬರ್ತೈತೇನ?" ಎಂದಳು. "ಬರಂಗಿಲ್ಲ" ಎಂದು ಅವ್ವ ಹೇಳಿದಳು. ಅವತ್ತು ತಂಗಿ ಅತ್ತಳು. ಆದರೆ ಅವತ್ತಿನಿಂದ ಅವಳಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಅವ್ವ ಮೂರನೆಯ ಇಯತ್ತೆವರೆಗೆ ಕಲಿತವಳು. ಆದರೂ ಅವಳು ಹೇಳಿದ ಮಾತು ಎಷ್ಟೋ ಚಾರ್ಟಿನಲ್ಲಿ ಇರುವುದಿಲ್ಲ. ಚಾರ್ಟಿನಲ್ಲಿ ಎರಡೇ ಮನೆ: ಸಜೀವಿ, ನಿರ್ಜೀವಿ. ಸತ್ತದ್ದು ಯಾವ ಮನೆಗೆ ಹೋಗಬೇಕು? ಬಿದ್ದ ಎಲೆ, ಕೋಳಿಯ ಪುಕ್ಕ, ಬೆಂಚಿನ ಕಟ್ಟಿಗೆ, ಹತ್ತಿಯ ಅಂಗಿ, ತೊಗಲಿನ ಚಪ್ಪಲಿ, ಬುಟ್ಟಿಯಲ್ಲಿಯ ರೊಟ್ಟಿ ಇವೆಲ್ಲ ಎಲ್ಲಿಗೆ? ಇವಕ್ಕೆ ಈಗ ಜೀವ ಇಲ್ಲ, ಆದರೆ ಜೀವ ಇದ್ದದ್ದರಿಂದ ಬಂದಿವೆ. ಕಲ್ಲಿಗೂ ಕಬ್ಬಿಣದ ಕುಡಕ್ಕೂ ಹಾಗಲ್ಲ, ಅವಕ್ಕೆ ಎಂದೂ ಜೀವ ಇರಲಿಲ್ಲ. ಆದ್ದರಿಂದ ಸಣ್ಣವರ ಚಾರ್ಟಿನಲ್ಲಿ ಮೂರು ಮನೆ ಇರಬೇಕು ಎಂದು ನಾನು ಹೇಳುತ್ತೇನೆ. ಜೀವ ಇರುವುದು. ಜೀವ ಇದ್ದು ಹೋದದ್ದು. ಎಂದೂ ಜೀವ ಇಲ್ಲದ್ದು. ನಡುವಿನ ಮನೆ ಬಿಟ್ಟರೆ ಮಕ್ಕಳು ಆಯಿ ಸತ್ತಾಗ "ಮಲಗ್ಯಾಳ, ನಾಳೆ ಏಳ್ತಾಳ" ಎಂದೇ ತಿಳಿಯುತ್ತಾರೆ. ದೊಡ್ಡವರು ಸಮಾಧಾನಕ್ಕೆ ಹಾಗೆ ಹೇಳುತ್ತಾರೆ, ಆದರೆ ಮಗು ನಾಳೆ ಕಾಯುತ್ತದೆ. ಅದು ಸರಿಯಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಬೀಜ. ಒಂದು ಕಡ್ಲಿ ಕಾಳನ್ನೂ ಅಷ್ಟೇ ದೊಡ್ಡ ಹರಳನ್ನೂ ಅಂಗೈ ಮೇಲೆ ಇಟ್ಟು ಕೇಳಿದರೆ ಸಣ್ಣವರು ಎರಡೂ ನಿರ್ಜೀವಿ ಎನ್ನುತ್ತಾರೆ. ಎರಡೂ ಗಟ್ಟಿ, ಎರಡೂ ಅಲ್ಲಾಡುವುದಿಲ್ಲ. ಆದರೆ ಒಣಗಿದ ಕಾಳಿನೊಳಗೆ ಜೀವ ಮಲಗಿರುತ್ತದೆ, ಬಹಳ ಮೆಲ್ಲಗೆ ಉಸಿರಾಡುತ್ತಿರುತ್ತದೆ. ಇಸ್ರೇಲ್ ದೇಶದ ಮಸಾಡ ಎಂಬ ಹಳೆಯ ಕೋಟೆಯನ್ನು 1960ರ ದಶಕದಲ್ಲಿ ಅಗೆದಾಗ ಖರ್ಜೂರದ ಬೀಜಗಳು ಸಿಕ್ಕವು. ಅವು ಸುಮಾರು 2000 ವರ್ಷದ ಹಿಂದಿನವು. ಅವುಗಳಲ್ಲಿ ಒಂದನ್ನು 2005ರಲ್ಲಿ ನೆಟ್ಟರೆ ಮೊಳಕೆ ಒಡೆದು ಗಿಡವಾಯಿತು. ಅಷ್ಟು ಕಾಲ ಆ ಬೀಜ ಹರಳಿನ ಹಾಗೆ ಬಿದ್ದಿತ್ತು, ಆದರೆ ಹರಳು ಆಗಿರಲಿಲ್ಲ.

ಎಲ್ಲ ಬೀಜಕ್ಕೂ ಹೀಗೆ ಇರುವುದಿಲ್ಲ. ಹಸಿ ಹತ್ತಿದರೆ, ಹುಳ ಬಿದ್ದರೆ, ಬಹಳ ಹಳೆಯದಾದರೆ ಬೀಜ ಸಾಯುತ್ತದೆ. ಉಳ್ಳಾಗಡ್ಡಿ ಬೀಜವಂತೂ ಲಗೂನ ಸಾಯುತ್ತದೆ. ಸತ್ತ ಬೀಜ ಜೀವಂತ ಬೀಜದ ಹಾಗೆಯೇ ಕಾಣುತ್ತದೆ, ಅದೇ ಬಣ್ಣ, ಅದೇ ಆಕಾರ. ನಮ್ಮ ಮನೆಯಲ್ಲಿ ಒಂದು ವರ್ಷ ಕಡ್ಲಿ ಬಿತ್ತಿದಾಗ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಮಾತ್ರ ಹುಟ್ಟಿದವು. ಅಜ್ಜ ಮಣ್ಣು ಕೆದರಿ ಕಾಳು ತೆಗೆದು ಹಿಚುಕಿ ನೋಡಿ, "ಕಾಳು ಸತ್ತಾವು" ಎಂದ. ಬೀಜದ ರೊಕ್ಕ, ಗೊಬ್ಬರದ ರೊಕ್ಕ, ಕೂರಿಗಿ ಬಾಡಿಗಿ ಎಲ್ಲಾ ಹೋಯಿತು. ಎರಡನೆಯ ಸಲ ಬಿತ್ತಲಿಕ್ಕೆ ಸಾಲ ಮಾಡಬೇಕಾಯಿತು, ಅಷ್ಟರಲ್ಲಿ ನೆಲದ ಹಸಿಯೂ ಆರಿತ್ತು. ಅವತ್ತು ನನಗೆ ತಿಳಿಯಿತು, ಯಾವುದಕ್ಕೆ ಜೀವ ಇದೆ ಯಾವುದಕ್ಕೆ ಇಲ್ಲ ಎಂಬುದು ಬರೇ ಪರೀಕ್ಷೆಯ ಪ್ರಶ್ನೆ ಅಲ್ಲ. ಒಕ್ಕಲುತನದ ಮನೆಯವರ ಊಟ ಅದರ ಮೇಲೆ ನಿಂತಿದೆ.

ಈಗ ಅಜ್ಜ ಬಿತ್ತುವ ಮೊದಲು 100 ಕಾಳು ಎಣಿಸಿ ಹಸಿ ಗೋಣಿತಟ್ಟಿನಲ್ಲಿ ಸುತ್ತಿ ಇಡುತ್ತಾನೆ. ದಿನಾ ನೀರು ಚಿಮುಕಿಸಿ ಒಂದು ವಾರದ ನಂತರ ಬಿಚ್ಚಿ ಎಣಿಸುತ್ತಾನೆ. ಸರಕಾರದ ಬೀಜ ಪ್ರಮಾಣೀಕರಣದ ನಿಯಮದ ಪ್ರಕಾರ ಕಡಲೆ ಮತ್ತು ಗೋಧಿ ಬೀಜ 100ಕ್ಕೆ 85 ಆದರೂ ಮೊಳೆಯಬೇಕು, ಉಳ್ಳಾಗಡ್ಡಿ 70 ಆದರೂ ಮೊಳೆಯಬೇಕು. ಇದನ್ನೇ ನಾವು ಶಾಲೆಯಲ್ಲಿ ಸಣ್ಣವರ ಕೈಯಿಂದ ಮಾಡಿಸಬಹುದು. ಮೂರು ಹಸಿ ಅರಿವೆ ತೆಗೆದುಕೊಳ್ಳಬೇಕು. ಒಂದರಲ್ಲಿ ಹತ್ತು ಕಡ್ಲಿ ಕಾಳು, ಇನ್ನೊಂದರಲ್ಲಿ ಒಲೆಯ ಮೇಲೆ ಹುರಿದ ಹತ್ತು ಕಡ್ಲಿ, ಮತ್ತೊಂದರಲ್ಲಿ ಹತ್ತು ಹರಳು. ಮೂರಕ್ಕೂ ಅಷ್ಟೇ ನೀರು. ಮೂರ್ನಾಲ್ಕು ದಿನದಲ್ಲಿ ಮೊದಲನೆಯದು ಮೊಳಕೆ ಒಡೆಯುತ್ತದೆ. ಎರಡನೆಯದು ಉಬ್ಬುತ್ತದೆ, ಆಮೇಲೆ ಕೊಳೆತು ವಾಸನೆ ಬರುತ್ತದೆ. ಮೂರನೆಯದು ಹಸಿ ಆಗುತ್ತದೆ, ಅಷ್ಟೇ. ನಾನು ಮೇಲೆ ಹೇಳಿದ ಮೂರು ಮನೆಗಳು ಅಲ್ಲಿಯೇ ಕಾಣುತ್ತವೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಕೆಲವರು ಹೇಳಬಹುದು: ಸಣ್ಣವರಿಗೆ ಇಷ್ಟೆಲ್ಲಾ ಯಾಕ ಬೇಕು, ಮೊದಲು ಬಾಯಿಪಾಠ ಮಾಡಲಿ, ತಿಳುವಳಿಕೆ ಆಮೇಲೆ ಬರ್ತೈತಿ. ಪಾಠ ಮುಗಿಸಬೇಕು, ಹೊರಗೆ ಕರಕೊಂಡು ಹೋದರೆ ಹಾವು ಚೇಳಿನ ಅಂಜಿಕೆ, ಹಳ್ಳದ ಅಂಜಿಕೆ. ಈ ಮಾತಿನಲ್ಲಿ ಹುರುಳು ಇದೆ. ಬೆಣ್ಣಿಹಳ್ಳ ಯಾವಾಗ ಬರುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ, ಮಳೆಗಾಲದಲ್ಲಿ ಮಕ್ಕಳನ್ನು ಅಲ್ಲಿಗೆ ಒಯ್ಯಲೇಬಾರದು. ಆದರೆ ಶಾಲೆಯ ಅಂಗಳ ಇದೆಯಲ್ಲ? ಅಲ್ಲಿ ಬೇವು ಇದೆ, ಇರುವೆ ಸಾಲು ಇದೆ, ಕಲ್ಲು ಇದೆ, ಬಿದ್ದ ಎಲೆ ಇದೆ. ಅದೇ ಸಾಕು. ಆಡುತ್ತ ಕಲಿಯುವುದು ನಾನು ಹೊಸದಾಗಿ ಹೇಳುವ ಮಾತೂ ಅಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿಯೇ ನಲಿ-ಕಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂದಿತು. ಬಾಯಿಪಾಠ ಬೇಡ ಎಂದು ನಾನು ಹೇಳುವುದಿಲ್ಲ. ಮಗ್ಗಿಗೆ ಬೇಕು, ಪದ್ಯಕ್ಕೆ ಬೇಕು. ಆದರೆ ಜೀವದ ಪಾಠಕ್ಕೆ ಅದೊಂದೇ ಸಾಲದು.

ಇನ್ನೊಂದು ಮಾತು. ಈ ಪಾಠದಲ್ಲಿ ಎಲ್ಲದಕ್ಕೂ ಕಡ್ಡಿ ಮುರಿದ ಹಾಗೆ ಉತ್ತರ ಇಲ್ಲ ಎಂಬುದನ್ನೂ ಹೇಳಬೇಕು. 2020ರಲ್ಲಿ ನಮ್ಮ ಶಾಲೆಗಳನ್ನೆಲ್ಲ ಮುಚ್ಚಿಸಿದ ಕೊರೊನಾ ವೈರಸ್ಸು ನಮ್ಮ ಮೈಯೊಳಗೆ ಹೊಕ್ಕರೆ ಒಂದು ಹೋಗಿ ಲಕ್ಷ ಆಗುತ್ತದೆ. ಜೀವಕೋಶದ ಹೊರಗೆ ಇದ್ದರೆ ಏನೂ ಮಾಡಲಾರದು. ಅದನ್ನು ಸಜೀವಿ ಎನ್ನಬೇಕೋ ಬೇಡವೋ ಎಂದು ದೊಡ್ಡ ದೊಡ್ಡ ವಿಜ್ಞಾನಿಗಳೇ ಇನ್ನೂ ವಾದ ಮಾಡುತ್ತಾರೆ. ನಮ್ಮ ದೇಶದ ಜಗದೀಶಚಂದ್ರ ಬೋಸರು ಸಜೀವ ಮತ್ತು ನಿರ್ಜೀವಗಳ ಪ್ರತಿಕ್ರಿಯೆಯ ಬಗ್ಗೆಯೇ 1902ರಲ್ಲಿ ಒಂದು ಪುಸ್ತಕ ಬರೆದರು. ಗಿಡಗಳ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳವಣಿಗೆಯನ್ನು ದೊಡ್ಡದು ಮಾಡಿ ತೋರಿಸುವ ಯಂತ್ರವನ್ನೂ ಮಾಡಿದರು. ಬೋಸರು ಗಿಡವನ್ನು ಪ್ರಶ್ನೆ ಕೇಳಿದರು, ಉತ್ತರಕ್ಕೆ ಕಾದರು. ನಮ್ಮ ಸಣ್ಣವರೂ ಹಾಗೆಯೇ ಕಲಿಯಲಿ.

ಇದರಿಂದ ಏನು ಲಾಭ ಎಂದು ಕೇಳಿದರೆ ಹೇಳುತ್ತೇನೆ. ನಾವು ಎಷ್ಟೋ ಸಲ ನೋಡುತ್ತೇವೆ, ಸಣ್ಣ ಹುಡುಗರು ನಾಯಿಮರಿಯ ಬಾಲಕ್ಕೆ ಡಬ್ಬಿ ಕಟ್ಟುತ್ತಾರೆ, ಓತಿಕ್ಯಾತಕ್ಕೆ ಕಲ್ಲು ಹೊಡೆಯುತ್ತಾರೆ, ಹೊಸದಾಗಿ ನೆಟ್ಟ ಸಸಿಯ ತೊಗಟೆ ಸುಲಿಯುತ್ತಾರೆ. ಬಡಿದರೆ ಅವರು ನಮ್ಮ ಹಿಂದೆ ಮತ್ತೆ ಮಾಡುತ್ತಾರೆ. ತಾನು ಕೈಯಾರೆ ಮೊಳಕೆ ಬರಿಸಿದ ಮಗು ಸಸಿ ಕೀಳಲು ಹಿಂದೆಮುಂದೆ ನೋಡುತ್ತದೆ ಎಂದು ನನಗೆ ಅನಿಸುತ್ತದೆ. ಮತ್ತೆ ನಿರ್ಜೀವಿ ಎಂದರೆ ಕೆಲಸಕ್ಕೆ ಬಾರದ್ದು ಎಂದೂ ತಿಳಿಯಬಾರದು. ಬೆಣ್ಣಿಹಳ್ಳಕ್ಕೆ ಜೀವ ಇಲ್ಲ, ಆದರೆ ಅದರೊಳಗೆ ಮೀನು, ಕಪ್ಪೆ ಇವೆ. ಎರಿ ಮಣ್ಣನ್ನು ಪುಸ್ತಕದಲ್ಲಿ ನಿರ್ಜೀವ ಎನ್ನುತ್ತಾರೆ, ಆದರೆ ಒಂದು ಚಮಚ ಒಳ್ಳೆಯ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಿಗಳಿವೆ. ನೀರು, ಮಣ್ಣು, ಗಾಳಿ ಕೆಟ್ಟರೆ ಸಜೀವಿಗಳ ಪಟ್ಟಿಯಲ್ಲಿ ಇರುವವರೆಲ್ಲ ಕೆಡುತ್ತೇವೆ.

ಕೊನೆಗೆ ನನ್ನ ವಿನಂತಿ ಇಷ್ಟು. ಒಂದು, ಸಣ್ಣವರ ಕೋಣೆಯಲ್ಲಿ ಮೂರು ಮನೆಯ ಚಾರ್ಟ್ ಹಾಕೋಣ, ಅದರಲ್ಲಿ ಚಿತ್ರದ ಬದಲು ಮಕ್ಕಳೇ ತಂದ ಎಲೆ, ಪುಕ್ಕ, ಹರಳು ಅಂಟಿಸಲಿ. ಎರಡು, ಕಡ್ಲಿ, ಹುರಿದ ಕಡ್ಲಿ, ಹರಳಿನ ಪ್ರಯೋಗವನ್ನು ಒಂದು ಶನಿವಾರ ಶುರು ಮಾಡೋಣ, ಕಡ್ಲಿ ನಾನು ಮನೆಯಿಂದ ತರುತ್ತೇನೆ. ಮೂರು, ಬರುವ ಮಣ್ಣೆತ್ತಿನ ಅಮಾಸಿಗೆ ಸಣ್ಣವರು ಶಾಲೆಯಲ್ಲಿಯೇ ಎತ್ತು ಮಾಡಲಿ, ಆಮೇಲೆ ಯಾರದಾದರೂ ಕೊಟ್ಟಿಗೆಗೆ ಹೋಗಿ ನಿಜವಾದ ಎತ್ತಿನ ಮೈಮೇಲೆ ಕೈ ಇಟ್ಟು ನೋಡಲಿ. ಮೈ ಬೆಚ್ಚಗಿರುತ್ತದೆ, ಉಸಿರಿಗೆ ಹೊಟ್ಟೆ ಏರಿ ಇಳಿಯುತ್ತದೆ. ಏಳನೆಯ ತರಗತಿಯ ನಾವು ಜೋಡಿಗೆ ಇರುತ್ತೇವೆ. ಗುರುಗಳು ಅಪ್ಪಣೆ ಕೊಡಬೇಕು.

ಇದಕ್ಕೆ ನಿಮ್ಮ ಅಭಿಪ್ರಾಯ ಬೇರೆ ಇದ್ದರೆ ಮುಂದಿನ ಗೋಡೆ ಪತ್ರಿಕೆಯಲ್ಲಿ ತಪ್ಪದೇ ಬರೆಯಿರಿ.

- ಏಳನೆಯ ತರಗತಿಯ ವಿದ್ಯಾರ್ಥಿನಿ, ಯಮನೂರು